ಅಪಾಯದ ಅಂಚಿನಲ್ಲಿರುವ ಹದಿಹರೆಯದವರು: ಎಲ್ಲರೂ ಸಭೆಗೆ ಬರ್ತಾರೆ, ಕೆಲಸ ಮಾತ್ರ ಆಗ್ತಿಲ್ಲ

ಪ್ರಶ್ನೆ: ಶಾಲೆ, ಆರೋಗ್ಯ ಕೇಂದ್ರ, ಪೊಲೀಸ್, ಯುವಕ ಸಂಘ ಎಲ್ಲರೂ ತಿಂಗಳಿಗೊಮ್ಮೆ ಸೇರ್ತಾರೆ. ಆದರೂ ಒಂದು ಮಗುವಿನ ವಿಷಯವೂ ಮುಂದೆ ಹೋಗಲ್ಲ. ಏನು ಬದಲಿಸಬೇಕು?

ಉತ್ತರ 1: ಪ್ರತಿ ಮಗುವಿಗೂ ಒಬ್ಬರೇ ಹೊಣೆಗಾರರಿರಲಿ. ದೊಡ್ಡ ಹುದ್ದೆಯವರು ಬೇಡ, ಆ ಮಗು ಈಗಾಗಲೇ ನಂಬಿರುವವರು ಬೇಕು. ನಡಾವಳಿಯಲ್ಲಿ ‘ಕೌನ್ಸೆಲಿಂಗ್ ಕೊಡಿಸುವುದು’ ಅಂತ ಬರೆದರೆ ಅದು ಅಲ್ಲೇ ಉಳಿಯುತ್ತೆ. ‘ಗುರುವಾರದೊಳಗೆ ಫೋನ್ ಮಾಡುವವರು ಯಾರು, ಮೊದಲ ದಿನ ಜೊತೆಗೆ ಹೋಗುವವರು ಯಾರು’ ಅಂತ ಬರೆಯಿರಿ. ಮುಂದಿನ ಸಭೆ ಆ ಸಾಲಿನಿಂದಲೇ ಶುರುವಾಗಲಿ.

ಉತ್ತರ 2: ಹಾಜರಾತಿ ನೋಡ್ತಾ ಇರಿ. ಶಾಲಾ ದಿನಗಳಲ್ಲಿ ಶೇ. 10ರಷ್ಟು ತಪ್ಪಿಸಿದರೆ, ಅಂದರೆ ತಿಂಗಳಿಗೆ ಸುಮಾರು 2 ದಿನ, ಆಗಲೇ ಮನೆಯವರನ್ನು ಮಾತಾಡಿಸಿ. ಮಾಹಿತಿ ಹಂಚಿಕೊಳ್ಳುವ ಮುಂಚೆ ಮಗು, ಪೋಷಕರು ಇಬ್ಬರ ಒಪ್ಪಿಗೆಯೂ ಲಿಖಿತವಾಗಿ ಇರಲಿ: ಯಾರಿಗೆ, ಯಾವ ವಿಷಯ, ಎಲ್ಲಿಯವರೆಗೆ. ಕೌನ್ಸೆಲರ್ ಹತ್ತಿರ ಹೇಳಿದ್ದು ಪೊಲೀಸರ ಕಿವಿಗೆ ಬಿತ್ತು ಅಂತ ಗೊತ್ತಾದರೆ ಮಗು ಮತ್ತೆ ಬಾಯಿ ಬಿಡಲ್ಲ.

ಉತ್ತರ 3: ಮಾರ್ಗದರ್ಶಕರು ಕನಿಷ್ಠ ಒಂದು ವರ್ಷ ಇರ್ತೀನಿ ಅಂದರೆ ಮಾತ್ರ ಸೇರಿಸಿಕೊಳ್ಳಿ, ಮೂರೇ ತಿಂಗಳಿಗೆ ಕೈಬಿಟ್ಟರೆ ಮಗುವಿನ ಆತ್ಮವಿಶ್ವಾಸ ಇನ್ನೂ ಕುಸಿಯಬಹುದು. ಇನ್ನೊಂದು, ಗಲಾಟೆ ಮಾಡುವವರನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ, ದಯವಿಟ್ಟು. ಒಬ್ಬರನ್ನು ನೋಡಿ ಒಬ್ಬರು ಕಲಿಯುತ್ತಾರೆ. ಎಲ್ಲ ಮಕ್ಕಳೂ ಬರುವ ಆಟದ ತಂಡಕ್ಕೋ ತರಬೇತಿಗೋ ಒಬ್ಬಿಬ್ಬರಂತೆ ಸೇರಿಸಿ.