ದುಬೈ ವಿಸಿಟ್ ವೀಸಾ ಮುಗಿದಿದೆ, ದಂಡ ಏರುತ್ತಿದೆ: ಊರಿಗೆ ಬರಲು ದಾರಿ ಏನು?

ಪ್ರಶ್ನೆ, ಸುಂಟಿಕೊಪ್ಪದಿಂದ:
ತಮ್ಮ ವಿಸಿಟ್ ವೀಸಾದಲ್ಲಿ ದುಬೈಗೆ ಹೋದ. ಕೆಲಸ ಆಗಲಿಲ್ಲ, ವೀಸಾ ಮುಗಿದು ಎರಡು ತಿಂಗಳ ಮೇಲಾಯಿತು. ಕಳಿಸಿದ ಏಜೆಂಟ್ ಫೋನ್ ಎತ್ತುವುದಿಲ್ಲ. ಅಲ್ಲಿ ಒಬ್ಬರು ಒಂದೂವರೆ ಲಕ್ಷ ಕೊಟ್ಟರೆ ಎಲ್ಲ ಕ್ಲಿಯರ್ ಮಾಡಿಸುತ್ತೇನೆ ಅನ್ನುತ್ತಾರೆ. ಕಾಫಿ ಮೇಲೆ ಮುಂಗಡ ತೆಗೆದು ಕಳಿಸಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ವಿರಾಜಪೇಟೆಯಿಂದ:
ಮುಂಗಡ ಆಮೇಲೆ, ಮೊದಲು ಲೆಕ್ಕ. ಯುಎಇಯಲ್ಲಿ ಅವಧಿ ಮೀರಿದ ದಂಡ ದಿನಕ್ಕೆ 50 ದಿರ್ಹಮ್. 2022ರ ಕೊನೆಯಿಂದ ಟೂರಿಸ್ಟ್, ವಿಸಿಟ್, ರೆಸಿಡೆನ್ಸ್ ಎಲ್ಲಕ್ಕೂ ಇದೇ ದರ. 70 ದಿನ ಆಗಿದ್ದರೆ 3,500 ದಿರ್ಹಮ್. ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ 84,000. ಇದರ ಮೇಲೆ ಸೇವಾ ಶುಲ್ಕ, ಹೊರಹೋಗುವ ಪರ್ಮಿಟ್ಟಿನ ಶುಲ್ಕ ಸೇರುತ್ತದೆ, ಅದಕ್ಕೆಂದು ಕೆಲವು ನೂರು ದಿರ್ಹಮ್ ಕೈಯಲ್ಲಿರಲಿ. ಒಂದೂವರೆ ಲಕ್ಷದಲ್ಲಿ ಉಳಿದದ್ದು ಯಾವ ಲೆಕ್ಕಕ್ಕೆ ಎಂದು ಆ ಮಧ್ಯವರ್ತಿಯನ್ನು ಬರಹದಲ್ಲೇ ಕೇಳಿ.

ದಂಡ ಎಷ್ಟೆಂದು ಯಾರ ಬಾಯಿಂದಲೂ ಕೇಳಬೇಡಿ, ಸರ್ಕಾರಿ ವ್ಯವಸ್ಥೆಯಲ್ಲೇ ನೋಡಿ. ವೀಸಾ ಕಾಗದದ ಫೈಲ್ ನಂಬರ್ 201 ಎಂದು ಶುರುವಾದರೆ ದುಬೈನಲ್ಲಿ ಕೊಟ್ಟ ವೀಸಾ, ಅದು ದುಬೈನ ವಲಸೆ ಇಲಾಖೆ ಜಿಡಿಆರ್‌ಎಫ್‌ಎಗೆ ಸೇರಿದ್ದು. 101 ಅಬುಧಾಬಿ, 301 ಶಾರ್ಜಾ, ಇವು ಐಸಿಪಿ ಎಂಬ ಯುಎಇ ಕೇಂದ್ರ ಸರ್ಕಾರದ ವಲಸೆ ಪ್ರಾಧಿಕಾರದ ಕೈಲಿವೆ. ಇರುವುದು ದುಬೈನಲ್ಲಾದರೂ ವೀಸಾ ಶಾರ್ಜಾದ್ದಾಗಿರಬಹುದು. ತಪ್ಪು ಕಚೇರಿಗೆ ಅಲೆದು ದಿನ ಕಳೆಯುವುದು ಇಲ್ಲೇ, ಅಲೆದ ಪ್ರತಿ ದಿನಕ್ಕೂ 50 ದಿರ್ಹಮ್ ಏರುತ್ತದೆ. ದುಬೈ ವೀಸಾ ಆದರೆ ಪಾಸ್‌ಪೋರ್ಟ್, ವೀಸಾ ಪ್ರತಿ ಹಿಡಿದು ವೀಸಾ ಕೆಲಸಗಳ ಅಧಿಕೃತ ಸೇವಾ ಕೇಂದ್ರವಾದ ಅಮೆರ್ ಸೆಂಟರ್‌ಗೆ ಹೋದರೆ ಮೊತ್ತ ಹೇಳುತ್ತಾರೆ, ಕಟ್ಟಿಸಿಕೊಂಡು ರಸೀದಿಯನ್ನೂ ಕೊಡುತ್ತಾರೆ.

ನಾಪೋಕ್ಲಿನಿಂದ:
ದಂಡಕ್ಕಿಂತ ದೊಡ್ಡ ತೊಡಕು ತಲೆಮರೆಸಿಕೊಂಡ ದೂರು, ಅಂದರೆ ಅಬ್‌ಸ್ಕಾಂಡಿಂಗ್. ವಿಸಿಟ್ ವೀಸಾಗೆ ಹೊಣೆಗಾರ, ಅಂದರೆ ಸ್ಪಾನ್ಸರ್, ಆಗುವುದು ಸಾಮಾನ್ಯವಾಗಿ ಅಲ್ಲಿನ ಟ್ರಾವೆಲ್ ಏಜೆನ್ಸಿ. ಆಳು ಹೊರಗೆ ಹೋಗದಿದ್ದರೆ ಏಜೆನ್ಸಿಗೇ ಪೆಟ್ಟು. ಹಾಗಾಗಿ ಅವಧಿ ಮುಗಿದ ಕೆಲವೇ ದಿನಗಳಲ್ಲಿ 'ತಲೆಮರೆಸಿಕೊಂಡಿದ್ದಾನೆ' ಎಂದು ದೂರು ದಾಖಲಿಸುತ್ತಾರೆ. ಈ ದೂರು ಇದ್ದರೆ ದಂಡ ಕಟ್ಟಿದ ಮಾತ್ರಕ್ಕೆ ಗೇಟು ತೆರೆಯುವುದಿಲ್ಲ. ಇಮಿಗ್ರೇಷನ್‌ನಲ್ಲಿ ತಡೆಯುತ್ತಾರೆ, ಟಿಕೆಟ್ ದುಡ್ಡು ಹೋಗುತ್ತದೆ, ಮತ್ತೆ ಆ ದೇಶಕ್ಕೆ ಹೋಗದಂತೆ ನಿಷೇಧವೂ ಬೀಳಬಹುದು.

ವೀಸಾ ಕಾಗದದಲ್ಲಿ ಸ್ಪಾನ್ಸರ್ ಹೆಸರಿದೆ. ತಮ್ಮ ನೇರವಾಗಿ ಅಲ್ಲಿಗೇ ಹೋಗಿ ದೂರು ಇದೆಯೇ, ತೆಗೆಸಲು ಎಷ್ಟು ಎಂದು ಕೇಳಲಿ. ಅವರು ದುಡ್ಡು ಕೇಳುತ್ತಾರೆ, ಚೌಕಾಸಿ ನಡೆಯುತ್ತದೆ. ದೂರು ತೆಗೆದಿದೆ ಎಂಬುದನ್ನು ಜಿಡಿಆರ್‌ಎಫ್‌ಎ ಅಥವಾ ಅಮೆರ್‌ನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಪೂರ್ತಿ ಹಣ ಕೊಡಲಿ. ಕ್ರಮ ಇದು: ದೂರು ತೆಗೆಸುವುದು, ದಂಡ ಮತ್ತು ಪರ್ಮಿಟ್, ಟಿಕೆಟ್. ಪರ್ಮಿಟ್ ಕೆಲವೇ ದಿನ ಚಾಲ್ತಿಯಲ್ಲಿರುತ್ತದೆ, ಅದರೊಳಗೆ ಹೊರಡದಿದ್ದರೆ ಮತ್ತೆ ಮೊದಲಿಂದ.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ದಂಡ ಸಂಪಾದಿಸಲೆಂದು ಅಲ್ಲಿ ಕದ್ದು ಕೆಲಸಕ್ಕೆ ಸೇರುವುದು ಬೇಡ. ಸಿಕ್ಕಿಬಿದ್ದರೆ ಅದು ಬೇರೆಯದೇ ಅಪರಾಧ, ಗಡಿಪಾರಿಗೆ ದಾರಿ.

ಸುಂಟಿಕೊಪ್ಪದಿಂದ ಮತ್ತೆ:
ಪಾಸ್‌ಪೋರ್ಟ್ ರೂಮಿನ ಯಜಮಾನನ ಹತ್ತಿರ ಇದೆಯಂತೆ, ಬಾಡಿಗೆ ಬಾಕಿ ಎಂದು ಇಟ್ಟುಕೊಂಡಿದ್ದಾನೆ. ಅವಧಿ ಮೀರಿದವರಿಗೆ ಅಲ್ಲಿನ ಸರ್ಕಾರದ ಕ್ಷಮಾದಾನ ಬರುತ್ತದೆ, ಕಾಯಿ ಎಂದು ಗೆಳೆಯರು ಹೇಳುತ್ತಿದ್ದಾರಂತೆ.

ಕುಶಾಲನಗರದಿಂದ:
ಕಾಯಬೇಡಿ. ಹಿಂದಿನ ಕ್ಷಮಾದಾನ 2024ರ ಸೆಪ್ಟೆಂಬರ್ 1ರಿಂದ ನಡೆಯಿತು, ಅಕ್ಟೋಬರ್ ಕೊನೆಗೆ ಮುಗಿಯಬೇಕಿದ್ದುದನ್ನು ಡಿಸೆಂಬರ್ 31ರವರೆಗೆ ಮುಂದುವರಿಸಿದರು. ಆಗ ದಂಡವೂ ಇರಲಿಲ್ಲ, ನಿಷೇಧವೂ ಇರಲಿಲ್ಲ, ನಿಜ. ಆದರೆ ಅಂಥದ್ದು ಬರುವುದು ಹಲವು ವರ್ಷಕ್ಕೊಮ್ಮೆ. ಅದನ್ನು ನಂಬಿ ಒಂದು ವರ್ಷ ಕೂತರೆ 18,250 ದಿರ್ಹಮ್.

ಪಾಸ್‌ಪೋರ್ಟ್ ಭಾರತ ಸರ್ಕಾರದ ಸೊತ್ತು, ಬಾಡಿಗೆಗೆ ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಮೊದಲು ಮಾತಿನಲ್ಲಿ ಕೇಳಲಿ, ಆಗದಿದ್ದರೆ ದುಬೈನ ಭಾರತೀಯ ಕಾನ್ಸುಲೇಟ್‌ಗೆ ದೂರು ಕೊಡಲಿ. ಅಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಯುಎಇ ಒಳಗಿಂದ ಉಚಿತ ನಂಬರ್ 800 46342. ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಪಾಸ್‌ಪೋರ್ಟ್ ಕಳೆದೇ ಹೋಗಿದ್ದರೆ ಪೊಲೀಸ್ ವರದಿ ತೆಗೆದು ಎಮರ್ಜೆನ್ಸಿ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಬೇಕು. ಅದು ಭಾರತಕ್ಕೆ ಒಂದೇ ದಾರಿಯ ಪ್ರಯಾಣಕ್ಕೆ ಮಾತ್ರ.

ದುಡ್ಡೇ ಇಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಲ್ಲಿ ಶುರುವಾದದ್ದು. ವಾಪಸ್ ಟಿಕೆಟ್‌ಗೆ, ಮತ್ತು ಮೇಲ್ನೋಟಕ್ಕೆ ಕಾರ್ಮಿಕನ ತಪ್ಪಿಲ್ಲದಿದ್ದಾಗ ಸಣ್ಣ ದಂಡಗಳಿಗೆ ಇದರಿಂದ ಕೊಡಲು ಅವಕಾಶವಿದೆ. ಏಜೆಂಟನಿಗೆ ಹಣ ಕಳಿಸಿದ ರಸೀದಿ, ವಾಟ್ಸಾಪ್ ಮಾತುಕತೆ ಎಲ್ಲ ಜೋಡಿಸಿ ಕೊಡಿ. ಮೋಸ ಹೋದದ್ದು ಕಾಗದದಲ್ಲಿ ಕಾಣಬೇಕು, ಬಾಯಿಮಾತು ಸಾಲದು. ಆಸ್ಪತ್ರೆಯಲ್ಲಿದ್ದು ಅವಧಿ ಮೀರಿದವರು ಅಲ್ಲಿನ ದಾಖಲೆ ಲಗತ್ತಿಸಿ ದಂಡ ಕಡಿತಕ್ಕೆ ಜಿಡಿಆರ್‌ಎಫ್‌ಎಗೆ ಅರ್ಜಿ ಕೊಡಬಹುದು.

ಮಡಿಕೇರಿಯಿಂದ:
ಹಣ ಕಳಿಸುವ ವಿಷಯ. ಮಧ್ಯವರ್ತಿ ಖಾತೆಗೂ ಬೇಡ, ಹವಾಲಾವೂ ಬೇಡ. ಬ್ಯಾಂಕಿನಲ್ಲಿ ಪ್ಯಾನ್ ಜೊತೆ ಎ2 ಫಾರಂ ತುಂಬಿ ವಿದೇಶಕ್ಕೆ ಕಳಿಸಬಹುದು. ಆದರೆ ಸಣ್ಣ ಶಾಖೆಗಳಲ್ಲಿ ಈ ಕೆಲಸ ಅಪರೂಪ, ಮೊದಲೇ ಫೋನ್ ಮಾಡಿ ಹೋಗಿ. ತಮ್ಮನಿಗೆ ಅಲ್ಲಿ ಖಾತೆ ಇರುವುದಿಲ್ಲ, ಹಾಗಾಗಿ ಅವನ ಊರಿನ ಖಾತೆಯ ಡೆಬಿಟ್ ಕಾರ್ಡಿಗೆ ಹಣ ಹಾಕಿ, ವಿದೇಶಿ ಬಳಕೆ ಆನ್ ಮಾಡಿಸುವುದು ಸುಲಭ. ದಿನದ ಮಿತಿ ದಂಡದ ಮೊತ್ತಕ್ಕಿಂತ ಹೆಚ್ಚಿದೆಯೇ ನೋಡಿ. ಒಟಿಪಿ ಬರುವ ಸಿಮ್ ಅಲ್ಲಿ ರೋಮಿಂಗ್‌ನಲ್ಲಿ ಇಲ್ಲದಿದ್ದರೆ ಆನ್‌ಲೈನ್ ಪಾವತಿ ಅಲ್ಲೇ ನಿಲ್ಲುತ್ತದೆ.

ಸಿದ್ದಾಪುರದಿಂದ:
ಬೇರೆ ದೇಶದಲ್ಲಿ ವೀಸಾ ಅವಧಿ ಮೀರಿದವರೂ ಓದುತ್ತಿರಬಹುದು, ಅಲ್ಲಿನ ದಂಡ ಇಷ್ಟು. ಥಾಯ್ಲೆಂಡ್: ದಿನಕ್ಕೆ 500 ಬಾತ್, ಗರಿಷ್ಠ 20,000. 90 ದಿನ ಮೀರಿದರೆ ತಾನಾಗಿ ಹೊರಟರೂ ಒಂದು ವರ್ಷ ನಿಷೇಧ. ಸಿಕ್ಕಿಬಿದ್ದರೆ ಕನಿಷ್ಠ ಐದು ವರ್ಷ. ಅಲ್ಲಿ ನೋಡಬೇಕಾದ್ದು ವೀಸಾ ಸ್ಟಿಕ್ಕರ್‌ನ ದಿನಾಂಕವಲ್ಲ, ಒಳಗೆ ಬಂದಾಗ ಒತ್ತಿದ ಮುದ್ರೆಯ ದಿನಾಂಕ. ಕುವೈತ್: 2025ರ ಜನವರಿಯಿಂದ ವಿಸಿಟ್ ವೀಸಾಗೆ ದಿನಕ್ಕೆ 10 ದಿನಾರ್, ಗರಿಷ್ಠ 2,000.

ವಿರಾಜಪೇಟೆಯಿಂದ:
ಟಿಕೆಟ್ ಕೇರಳದ ಕಣ್ಣೂರಿಗೆ ಮಾಡಿಸಿ, ಮಾಕುಟ್ಟ ಘಾಟಿ ದಾರಿಯಲ್ಲಿ ಕೊಡಗಿನವರಾದ ನಮಗೆ ಅದೇ ಹತ್ತಿರ. ಜೋರು ಮಳೆಗಾಲವಾದರೆ ಘಾಟಿ ತೆರೆದಿದೆಯೇ ಕೇಳಿಕೊಂಡು ಗಾಡಿ ಹೊರಡಿಸಿ. ತಮ್ಮ ವಿಮಾನಕ್ಕೆ ಐದು ಗಂಟೆ ಮುಂಚೆ ನಿಲ್ದಾಣದಲ್ಲಿರಲಿ, ದಂಡದ ರಸೀದಿ ಮತ್ತು ಪರ್ಮಿಟ್ ಕಾಗದದಲ್ಲೂ ಮೊಬೈಲ್‌ನಲ್ಲೂ ಇರಲಿ. ಊರಿಗೆ ಬಂದ ಮೇಲೂ ಆ ರಸೀದಿ ಎಸೆಯಬೇಡಿ, ಮುಂದೆ ಗಲ್ಫ್ ವೀಸಾಗೆ ಅರ್ಜಿ ಹಾಕುವಾಗ ಹಳೇ ದಂಡ ಬಾಕಿ ತೋರಿಸಿದರೆ ಅದೊಂದೇ ಆಧಾರ.