ಅಜ್ಜಿಗೆ, ಅಮ್ಮನಿಗೆ, ನನಗೆ, ಈಗ ಮಗಳಿಗೆ: ಕಾಲು ಬಾವಿನ ಅನುಭವ ಇದ್ದವರು ಹೇಳಿ

ಶ್ರೀನಗರದ ಅಮ್ಮ: ನಮ್ಮ ಮನೆ ಹೆಂಗಸರಿಗೆ ಕಾಲು ಊದುವುದು ಅಜ್ಜಿ ಕಾಲದಿಂದ ಇದೆ. ಈಗ 13 ವರ್ಷದ ಮಗಳ ಬಲಗಾಲು ಶಾಲೆ ಶೂ ಒಳಗೆ ಹೋಗುತ್ತಿಲ್ಲ. ಫೈಲೇರಿಯಾ, ಅಂದರೆ ಸೊಳ್ಳೆಯಿಂದ ಬರುವ ಹುಳುವಿನ ಆನೆಕಾಲು ರೋಗ, ಇಲ್ಲ ಅಂದಿದ್ದಾರೆ. ಜೀನ್ ಟೆಸ್ಟ್ ಮಾಡಿಸಲಾ, ಬಿಗಿ ಸಾಕ್ಸ್ ಈಗಲೇ ಹಾಕಿಸಲಾ?

ರಾಜಾಜಿನಗರ ಅಂಕಲ್: ಫೈಲೇರಿಯಾ ಅನ್ನುವ ಪದ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಊರು ಮಂಗಳೂರು ಕಡೆ ಅಂದ ಕೂಡಲೇ ಡಾಕ್ಟರು ಆನೆಕಾಲು ಅಂದುಬಿಟ್ಟರು. ಆ ಹುಳು ರಾತ್ರಿಯೇ ರಕ್ತಕ್ಕೆ ಬರುವುದಂತೆ, ಅದಕ್ಕೆ ರಾತ್ರಿ 11ಕ್ಕೆ ಮೂರು ಸಲ ರಕ್ತ ಕೊಟ್ಟೆ. ಹುಳು ಸಿಗಲಿಲ್ಲ, ಮಾತ್ರೆ ನಿಲ್ಲಲಿಲ್ಲ. ಆಮೇಲೆ ನೀರಿಳಿಸುವ ಮಾತ್ರೆ. ಮೆಜೆಸ್ಟಿಕ್ ಮುಟ್ಟುವುದರೊಳಗೆ ಎರಡು ಸಲ ಬಸ್ಸಿಳಿಯಬೇಕು, ಕಾಲು ಮಾತ್ರ ಹಾಗೇ. ಕೊನೆಗೆ ಸಾಕ್ಸ್. ಒಂದು ಜೊತೆಗೆ 4,800, ಆರು ತಿಂಗಳಿಗೆ ಸಡಿಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ನಮ್ಮಾಕೆ ಹಿಮ್ಮಡಿ ದಾಟಿಸುತ್ತಾಳೆ. ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ಇಬ್ಬರಿಗೂ ಜಗಳ.

ಜಯನಗರ 4ನೇ ಬ್ಲಾಕ್: ನಾವು ಟೆಸ್ಟ್ ಮಾಡಿಸಿದೆವು, 21,000. ಎಫ್‌ಎಲ್‌ಟಿ4 ಜೀನಿನಲ್ಲಿ ತೊಂದರೆ, ಅಂದರೆ ವಂಶದಲ್ಲಿ ಇಳಿದು ಬರುವ ಮಿಲ್ರಾಯ್ ಬಾವು. ನಮಗೆ ಹುಟ್ಟಿನಿಂದಲೇ ಇತ್ತು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಮಿಲ್ರಾಯ್ ಅನ್ನುವ ಅಮೆರಿಕದ ಡಾಕ್ಟರು 1892ರಲ್ಲೇ ಒಂದೇ ವಂಶದ ಆರು ತಲೆಮಾರು ಬರೆದಿಟ್ಟಿದ್ದರು, 97 ಜನರಲ್ಲಿ 22 ಮಂದಿಗೆ ಬಾವು. ನಮ್ಮ ಡಾಕ್ಟರು ಕಾಲಿಗಿಂತ ಮೊದಲು ರೆಪ್ಪೆ ನೋಡಿದರು! ಎಫ್‌ಒಎಕ್ಸ್‌ಸಿ2 ಅನ್ನುವ ಬೇರೆ ಜೀನಿನ ಬಾವಾದರೆ ರೆಪ್ಪೆಗೂದಲು ಎರಡು ಸಾಲು ಇರುತ್ತದೆ, ಬಾವು ಸಾಮಾನ್ಯವಾಗಿ ಹದಿಹರೆಯಕ್ಕೆ ಬರುತ್ತದೆ. ರಿಪೋರ್ಟ್ ಬಂದಾಗಿನಿಂದ ಅಣ್ಣ ಮಾತು ಬಿಟ್ಟಿದ್ದಾನೆ, ಮಗನಿಗೆ ಹೆಣ್ಣು ನೋಡುತ್ತಿದ್ದನಲ್ಲ. ಬಿಡಲಿ. ನನಗೆ ಬೇಜಾರಿಲ್ಲ.

ರಾಜಾಜಿನಗರ ಅಂಕಲ್: 21 ಸಾವಿರಕ್ಕೆ ನಾಲ್ಕು ಜೊತೆ ಸಾಕ್ಸ್ ಬರುತ್ತಿತ್ತು ಮೇಡಂ. ರಿಪೋರ್ಟನ್ನು ಕಾಲಿಗೆ ಸುತ್ತಿಕೊಳ್ತೀರಾ?

ಜಯನಗರ 4ನೇ ಬ್ಲಾಕ್: ಟೆಸ್ಟ್ ಇಲ್ಲದೆ ಹುಳುವಿನ ಮಾತ್ರೆ ನುಂಗಿದ್ದು ಯಾರು ಸಾರ್?

ಹೆಬ್ಬಾಳ: ನಾನು ಆಪರೇಷನ್ ಮಾಡಿಸಿಕೊಂಡೆ. ಮೈಯೊಳಗಿನ ಹೆಚ್ಚಿನ ನೀರು ಹೊತ್ತೊಯ್ಯುವ ದುಗ್ಧನಾಳ ಸರಿಯಿಲ್ಲದ್ದಕ್ಕೇ ಈ ಬಾವು, ಅದನ್ನು ಸಣ್ಣ ರಕ್ತನಾಳಕ್ಕೆ ಜೋಡಿಸುತ್ತಾರೆ. 3 ಲಕ್ಷ 40 ಸಾವಿರ. ಹುಟ್ಟಿನಿಂದ ಬಂದ ಕಾಯಿಲೆ ಅಂತ ಇನ್ಶೂರೆನ್ಸ್‌ನವರು ಕೈ ಎತ್ತಿದರು. ನಾಲ್ಕು ಪತ್ರ ಬರೆದೆ, ಒಂದಕ್ಕೂ ಸರಿ ಉತ್ತರ ಇಲ್ಲ. ಕಣಕಾಲಿನ ಸುತ್ತಳತೆ 3 ಸೆಂಟಿಮೀಟರ್ ಇಳಿದಿದೆ. ಟೇಪ್ ಹಿಡಿದೇ ಹೇಳುತ್ತಿದ್ದೇನೆ.

ರಾಜಾಜಿನಗರ ಅಂಕಲ್: ಸಾಕ್ಸ್ ಬಿಟ್ರಾ?

ಹೆಬ್ಬಾಳ: ಹಗಲು ಹಾಕುತ್ತೇನೆ. ಅದು ಬೇರೆ ವಿಷಯ.

ಬಸವನಗುಡಿ ಸೊಸೆ: ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಗೆ ಹೋಗಿ. ಕಾಲು ತೊಳೆಯುವುದು, ಆಯುರ್ವೇದ, ಯೋಗ, ಬ್ಯಾಂಡೇಜು, ಎಲ್ಲ ಸೇರಿಸಿ ಮಾಡುತ್ತಾರೆ. ನಮ್ಮತ್ತೆ ಎರಡು ವಾರ ಇದ್ದು ಬಂದರು, ಕಾಲು ಹಗುರವಾಗಿದೆ. ಮೊದಲು ಬರಿಗಾಲಲ್ಲಿ ದೇವಸ್ಥಾನ ಸುತ್ತಿ ಬೆರಳ ಸಂದಿ ಬಿರಿದು, ಒಂದೇ ರಾತ್ರಿಗೆ ಕಾಲು ಕೆಂಡದಂತೆ ಕೆಂಪಾಗಿ ಚಳಿಜ್ವರ ಬಂದಿತ್ತು. ಐದು ದಿನ ಆಸ್ಪತ್ರೆ, 62,000. ಕಾಲುಂಗುರ ಮಾಂಸದೊಳಗೆ ಹೂತಿತ್ತು. ಅಕ್ಕಸಾಲಿಗನೇ ಮನೆಗೆ ಬಂದು ಕತ್ತರಿಸಿದ.

ಹೆಬ್ಬಾಳ: ಎಣ್ಣೆ ತಿಕ್ಕಿದರೆ ನಾಳ ಹುಟ್ಟುತ್ತಾ?

ಬಸವನಗುಡಿ ಸೊಸೆ: ನಿಮ್ಮ ಮೂರೂವರೆ ಲಕ್ಷಕ್ಕೆ ಹುಟ್ಟಿತಾ? ನಾನು ಬ್ಯಾಂಡೇಜು ಅಂದಿದ್ದು ಕಣ್ಣಿಗೆ ಬೀಳಲಿಲ್ವಾ?

ಜಯನಗರ 4ನೇ ಬ್ಲಾಕ್: ಅಷ್ಟು ಬಾತಿದ್ದಾಗ ಕಾಲುಂಗುರ ಯಾಕೆ ಬಿಟ್ಟಿರಿ? ಮುಂಚೆಯೇ ತೆಗೆಸಬೇಕಿತ್ತು.

ಬಸವನಗುಡಿ ಸೊಸೆ: ಮಾವ ಇರುವಾಗ ತೆಗಿ ಅಂತ ಅವರಿಗೆ ಯಾರು ಹೇಳಬೇಕಿತ್ತು, ನೀವು ಬರ್ತಿದ್ರಾ?

ಶ್ರೀನಗರದ ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ರೆಪ್ಪೆ ನೋಡಿದೆ, ಒಂದೇ ಸಾಲು ಅನ್ನಿಸುತ್ತದೆ, ಡಾಕ್ಟರ ಹತ್ತಿರವೂ ತೋರಿಸುತ್ತೇನೆ. ಸೋಮವಾರ ಶಾಲೆ ಇದೆ. ಶೂಗೆ ಏನು ಮಾಡಿದಿರಿ?

ರಾಜಾಜಿನಗರ ಅಂಕಲ್: ಎರಡು ಸೈಜಿನದು ಎರಡು ಜೊತೆ ತಗೊಳ್ಳಿ ತಾಯಿ, ಬೇರೆ ದಾರಿಯಿಲ್ಲ. ನಮ್ಮ ಅಟ್ಟದ ಮೇಲೆ ಹನ್ನೊಂದು ಒಂಟಿ ಶೂ ಇವೆ.