ಗಂಡನಿಗೆ ಆಸೆಯೇ ಇಲ್ಲದಾಗಿದೆ, ಅನುಭವ ಇದ್ದವರು ಹೇಳಿ

ಕುವೆಂಪುನಗರದವಳು: ನನಗೆ 36, ಅವರಿಗೆ 40. ಮದುವೆಯಾಗಿ 9 ವರ್ಷ, ಒಬ್ಬ ಮಗ. ಏಳು ತಿಂಗಳಿಂದ ನಮ್ಮ ನಡುವೆ ಏನೂ ಇಲ್ಲ. ಜಗಳ ಇಲ್ಲ, ಬೇರೆ ಯಾರೂ ಇಲ್ಲ. ನನಗೆ ಆಸೆ ಇದೆ, ಅವರಿಗಿಲ್ಲ. ಕೇಳಿದರೆ "ಸುಸ್ತು" ಎಂದು ಆ ಕಡೆ ತಿರುಗುತ್ತಾರೆ. ರಕ್ತ ಪರೀಕ್ಷೆಯಿಂದ ಶುರು ಮಾಡಬೇಕಾ, ಕೌನ್ಸೆಲಿಂಗಿನಿಂದಲಾ? ಮೈಸೂರಲ್ಲೇ ಆಗುತ್ತದಾ? ಖರ್ಚು ಎಷ್ಟು? ದಯವಿಟ್ಟು ಗೇಲಿ ಬೇಡ.

ಕಬ್ಬಿನ ಗದ್ದೆ, ಮಂಡ್ಯ: ಅಕ್ಕ, ನನ್ನ ಕಥೆ ಕೇಳಿ. 2019ರಲ್ಲಿ ಬಸ್ ಸ್ಟ್ಯಾಂಡ್ ಗೋಡೆಯ ಬೋರ್ಡ್ ನೋಡಿ ಒಂದು ಲಾಡ್ಜಿಗೆ ಹೋದೆ. ತಿಂಗಳಿಗೆ ಎರಡು ದಿನ ಬರುವ "ಗುಪ್ತರೋಗ ತಜ್ಞ". ನಾಡಿ ಹಿಡಿದವನೇ "ನರದೌರ್ಬಲ್ಯ, ಚಿಕ್ಕ ವಯಸ್ಸಿನ ತಪ್ಪು" ಎಂದ. ಮೊದಲ ಲೇಹ್ಯದ ಡಬ್ಬಿ 6,500. ಎರಡನೆಯದು 8,000, ಅದರಲ್ಲಿ ಭಸ್ಮ ಜಾಸ್ತಿಯಂತೆ. ಮೂರನೆಯದು 12,000, ಮೇಲೆ ಹಚ್ಚುವ ಎಣ್ಣೆಗೆ 3,500. ಒಟ್ಟು 30,000. ಡಬ್ಬಿಯ ಮೇಲೆ ಒಂದು ಚೀಟಿಯೂ ಇರಲಿಲ್ಲ. ವಾಸನೆ ಸುಟ್ಟ ಬೆಲ್ಲದ್ದು. ಕಬ್ಬಿನ ಬಿಲ್ಲಿನ ದುಡ್ಡು ಬಂದದ್ದೇ ತಡ, ಅಲ್ಲಿಗೇ ಹೋಯಿತು. ಮನೆಯವಳಿಗೆ ಬೋರ್‌ವೆಲ್ ಮೋಟಾರ್ ಸುಟ್ಟಿದೆ ಎಂದಿದ್ದೆ.

ಕೊನೆಗೆ ಕಾಲಿನ ಗಾಯ ಮಾಯುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋದರೆ, ಶುಗರ್! ಮೂರು ತಿಂಗಳ ಸರಾಸರಿ 10.2. ಶುಗರ್ ಜಾಸ್ತಿಯಾದರೆ ರಕ್ತನಾಳ, ನರ ಎರಡೂ ಕೆಡುತ್ತವೆ. ಮೊದಲು ಮೈ ಸೋತಿತ್ತು, ಆಮೇಲೆ ಅವಮಾನಕ್ಕೆ ಆಸೆಯೂ ಸತ್ತಿತ್ತು. ನೀಲಿ ಮಾತ್ರೆ, ಅದೇ ವಯಾಗ್ರಾ, ಅದನ್ನೂ ನೋಡಿದ್ದೇನೆ. ಅದು ರಕ್ತ ಹರಿಸುತ್ತದೆ, ಆಸೆ ಹುಟ್ಟಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು, ಬಿಪಿ ಒಮ್ಮೆಗೇ ಬಿದ್ದುಹೋಗುತ್ತದೆ.

ಸರಸ್ವತಿಪುರಂ ಬ್ಯಾಂಕಿನಾಕೆ: ಎಲ್ಲದಕ್ಕೂ ಶುಗರ್ ಎನ್ನಬೇಡಿ. ನಾನು ಖಿನ್ನತೆಗೆ ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ ನುಂಗುತ್ತಿದ್ದೆ. ಅಳು ನಿಂತಿತು, ನಿದ್ದೆ ಬಂತು, ಆಫೀಸಿಗೆ ಹೋಗುವಂತಾಯಿತು. ಆಸೆ ಮಾತ್ರ ಸ್ವಿಚ್ ಆರಿಸಿದ ಹಾಗೆ ಹೋಯಿತು. ಈ ಗುಂಪಿನ ಮಾತ್ರೆಗಳಲ್ಲಿ ಇದು ಸಾಮಾನ್ಯ ಅಂತ ನನಗೆ ಯಾರೂ ಹೇಳಲಿಲ್ಲ. ಎಂಟು ತಿಂಗಳು ನನ್ನದೇ ತಪ್ಪು ಅಂದುಕೊಂಡೆ. ಗಂಡ ಹಾಲಿನಲ್ಲಿ ಮಲಗಲು ಶುರು ಮಾಡಿದರು. ಕಾರಣ ಕೇಳಿದರೆ "ಫ್ಯಾನ್ ಚೆನ್ನಾಗಿದೆ".

ನಾನೇ ಬುದ್ಧಿವಂತೆ ಅಂತ ಮಾತ್ರೆ ಒಮ್ಮೆಗೇ ನಿಲ್ಲಿಸಿದೆ. ಮೂರನೇ ದಿನದಿಂದ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಜುಮ್. ಕ್ಯಾಶ್ ಎಣಿಸುವಾಗ 500ರ ಕಟ್ಟು ಎರಡು ಸಲ ತಪ್ಪಿತು. ರಜೆ ಆರು ದಿನ, ಸಂಬಳ ಕಟ್. ಆಮೇಲೆ ಬೇರೆ ಡಾಕ್ಟರ ಮುಂದೆ ಕೂತು ಬಾಯಿಬಿಟ್ಟು ಹೇಳಿದೆ. ಅವರು ನಿಧಾನವಾಗಿ ಬುಪ್ರೊಪಿಯಾನ್ ಎಂಬ ಬೇರೆ ಗುಂಪಿನ ಖಿನ್ನತೆಯ ಮಾತ್ರೆಗೆ ಬದಲಾಯಿಸಿದರು. ಫಿಟ್ಸ್ ಇದ್ದವರಿಗೆ ಅದು ಆಗುವುದಿಲ್ಲ. ಎರಡು ತಿಂಗಳಿಗೆ ನಾನು ನಾನಾದೆ. ಗಂಡನ ಮುನಿಸು ಹೋಗಲು ಇನ್ನೂ ನಾಲ್ಕು ತಿಂಗಳು. ಅದಕ್ಕೆ ಮಾತ್ರೆ ಇಲ್ಲ.

ನಿವೃತ್ತ ಮೇಷ್ಟ್ರು, ಜಯಲಕ್ಷ್ಮೀಪುರಂ: ಎಲ್ಲರೂ ಔಷಧದಂಗಡಿಯಲ್ಲೇ ನಿಂತಿದ್ದೀರಿ. ಲಿಬಿಡೋ ಎಂಬ ಮಾತಿಗೆ ಮನೋವೈದ್ಯ ಫ್ರಾಯ್ಡ್ ಕಾಮದ ಅರ್ಥ ಕೊಟ್ಟ. ಅವನ ಒಡನಾಡಿ ಯೂಂಗ್ ಅದನ್ನು ಒಟ್ಟು ಮನಸ್ಸಿನ ಕಸುವು ಎಂದ. ಅವರಿಬ್ಬರೂ ಮುನಿಸಿಕೊಂಡು ಬೇರೆಯಾಗಲು ಇದೂ ಒಂದು ಕಾರಣ. ಅದಕ್ಕೂ ಏಳು ನೂರು ವರ್ಷ ಮೊದಲೇ, 1209ರಲ್ಲಿ, ನಮ್ಮ ಜನ್ನ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿಗೆ ಮಗ್ಗುಲಲ್ಲೇ ರಾಜನಿದ್ದಾನೆ, ಚೆಲುವನೂ ಹೌದು. ಅವಳ ಮನಸ್ಸು ಹೋದದ್ದು ಕುರೂಪಿ ಮಾವುತ ಅಷ್ಟಾವಂಕನ ಹಾಡಿಗೆ. ಮುಖ ನೋಡುವ ಮೊದಲೇ ಸೋತಿದ್ದಳು. ಆಸೆ ಲೆಕ್ಕಾಚಾರ ಕೇಳುವುದಿಲ್ಲ ಅಂತ ತೋರಿಸಲು ಇದಕ್ಕಿಂತ ಬೇಕಾ?

ಸ್ವಂತ ಕಥೆಯೂ ಇದೆ. ಮುಟ್ಟು ನಿಂತ ಮೇಲೆ ನಮ್ಮಾಕೆ ದೂರವಾದಳು. ಸಾಕಾಯಿತೇನೋ ಅಂದುಕೊಂಡು ನಾನು ಸುಮ್ನಿದ್ದೆ. ಮೂರು ವರ್ಷ! ಆಮೇಲೆ ಗೊತ್ತಾಯಿತು, ಅವಳಿಗೆ ಒಳಗೆ ಒಣಗಿ ಉರಿ, ನೋವು. ಹೇಳಲು ನಾಚಿಕೆ. ಹೆಂಗಸರ ಡಾಕ್ಟರು ಈಸ್ಟ್ರೋಜನ್ ಕ್ರೀಮ್ ಬರೆದರು. ಒಂದು ಟ್ಯೂಬ್ ಕ್ರೀಮಿಗೆ ಮೂರು ವರ್ಷ ಕಳೆದುಕೊಂಡೆವು.

ಸರಸ್ವತಿಪುರಂ ಬ್ಯಾಂಕಿನಾಕೆ: ಮೇಷ್ಟ್ರೇ, ಕ್ರೀಮಿನ ಕಥೆ ಸರಿ. ಆದರೆ ಆ ಅಮೃತಮತಿ ಆಮೇಲೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಅದನ್ನು ಯಾಕೆ ಬಿಟ್ಟಿರಿ? ಗಂಡ ತಿರುಗಿ ಮಲಗುತ್ತಾನೆ ಎಂದವರಿಗೆ ಹೇಳುವ ಉದಾಹರಣೆಯಾ ಇದು? ಕಾವ್ಯದಲ್ಲಿ ಹೆಣ್ಣಿಗೆ ಆಸೆ ಇದ್ದರೆ ಕೊನೆಗೆ ಕೊಲೆಗಾತಿಯೇ ಆಗಬೇಕು.

ನಿವೃತ್ತ ಮೇಷ್ಟ್ರು, ಜಯಲಕ್ಷ್ಮೀಪುರಂ: ಜನ್ನ ಅವಳನ್ನು ಕೊಲೆಗಾತಿ ಮಾಡಿರಬಹುದು. ಆ ಹಾಡು ಕೇಳುವ ಕಡೆ ಮಾತ್ರ ಅವಳ ಪರವಾಗಿಯೇ ಇದ್ದಾನೆ. ಮೂವತ್ತು ವರ್ಷ ಪಾಠ ಮಾಡಿದ್ದೇನಮ್ಮ, ನನಗೆ ಹೇಳಿಕೊಡಬೇಡಿ.

ಕಬ್ಬಿನ ಗದ್ದೆ, ಮಂಡ್ಯ: ಅಕ್ಕ, ಒಟ್ಟಿನಲ್ಲಿ ನಿಮಗೆ ಆಸೆ ಬರಬೇಕು ಅಂದರೆ ಮೊದಲು ಥೈರಾಯ್ಡ್ ನೋಡಿಸಿ.

ಕುವೆಂಪುನಗರದವಳು: ಅಣ್ಣಾ, ಆಸೆ ಇಲ್ಲದಿರುವುದು ನನಗಲ್ಲ. ಅವರಿಗೆ. ಮೊದಲೇ ಬರೆದಿದ್ದೇನೆ.

ರೈಲಿನ ದಂಪತಿ: ಇದೇ ನೋಡಿ ರೋಗ. ಗಂಡಸಿಗೆ ಸದಾ ಆಸೆ, ಹೆಂಗಸಿಗೆ ಸದಾ ತಲೆನೋವು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ನಮ್ಮ ಮನೆಯಲ್ಲೂ ಗಂಡನೇ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಮೊದಲ ಸಲ ಸಂಜೆ 4ಕ್ಕೆ ರಕ್ತ ಕೊಟ್ಟು ನೋಡಿದ್ದು. ಕಮ್ಮಿ ಬಂತು, ಮನೆಯಲ್ಲಿ ಸೂತಕ. ಅದನ್ನು ಬೆಳಗ್ಗೆಯೇ ಕೊಡಬೇಕು, ಕಮ್ಮಿ ಬಂದರೆ ಇನ್ನೊಂದು ಬೆಳಗ್ಗೆ ಮತ್ತೆ ನೋಡಬೇಕು. ಮತ್ತೆ ಎರಡು ಸಲ ಕೊಟ್ಟೆವು, ಸರಿಯಾಗಿತ್ತು. ಜಾಸ್ತಿಯಾದರೆ ಆಸೆ ಕುಗ್ಗಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಕೂಡ ಸರಿ.

ಆಮೇಲೆ ಬೆಂಗಳೂರಿನಲ್ಲಿ ಕೌನ್ಸೆಲಿಂಗ್. ಒಂದು ಸಲಕ್ಕೆ 1,500, ಹನ್ನೊಂದು ಸಲ, 16,500. ರೈಲು, ಆಟೋ, ಊಟ ಬೇರೆ. ಮೊದಲ ಪಾಠವೇ "ಒಂದು ತಿಂಗಳು ಕೂಡುವಂತಿಲ್ಲ". ಬರೀ ಮುಟ್ಟುವುದು, ಅದೂ ಸರದಿಯಲ್ಲಿ. ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಜೋಡಿ ಹುಡುಕಿದ ಪದ್ಧತಿಯಂತೆ. ನಾವು ಹಾಸಿಗೆ ಪಕ್ಕ ಅಡುಗೆಮನೆಯ ಟೈಮರ್ ಇಟ್ಟು ಹದಿನೈದು ನಿಮಿಷ ಬೆನ್ನು, ಕೈ, ಕಾಲು. ಮೊದಲ ವಾರ ಇವರ ಅಂಗೈ ಐಸ್ ಇದ್ದ ಹಾಗಿತ್ತು, ನನಗೆ ನಗು. ಆದರೆ ಹಾಸಿಗೆಯಲ್ಲಿ ಪರೀಕ್ಷೆಗೆ ಕೂತ ಹಾಗಿದ್ದ ಭಯ ಹೋಯಿತು. ಇವರಿಗೆ ಆಸೆ ಮೊದಲು ಬಂದು ಆಮೇಲೆ ಮುಟ್ಟುವುದಲ್ಲ, ಮುಟ್ಟುತ್ತಾ ಮುಟ್ಟುತ್ತಾ ಬರುತ್ತದೆ. ಇಬ್ಬರಿಗೂ ಒಪ್ಪಿಗೆ ಇದ್ದಾಗ ಮಾತ್ರ, ಬಲವಂತಕ್ಕೆ ಅಲ್ಲ.

ಕಬ್ಬಿನ ಗದ್ದೆ, ಮಂಡ್ಯ: ಬೆನ್ನು ಉಜ್ಜಲು 16,500! ಊಟಿಗೆ ಹೋಗಿ ಬರಬಹುದಿತ್ತು.

ರೈಲಿನ ದಂಪತಿ: ಸುಟ್ಟ ಬೆಲ್ಲಕ್ಕೆ 30,000 ಕೊಟ್ಟವರು ಹೇಳುತ್ತಿದ್ದಾರೆ.

ಕಬ್ಬಿನ ಗದ್ದೆ, ಮಂಡ್ಯ: ನಾನು ಮೋಸ ಹೋದದ್ದನ್ನು ನಾಲ್ಕು ಜನಕ್ಕೆ ಉಪಯೋಗವಾಗಲಿ ಅಂತ ಬರೆದೆ. ಅದನ್ನೇ ತಿರುಗಿಸಿ ಹೊಡೆಯುತ್ತೀರಾ? ದೊಡ್ಡ ಮನಸ್ಸು ನಿಮ್ಮದು.

ಗೋಕುಲಂ ಅಪ್ಪ: ನಿಲ್ಲಿಸಿ ಸ್ವಾಮಿ. ಮನೆಯಲ್ಲಿ ಜಾಗ ಎಷ್ಟಿದೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮದು ಒಂದು ಬೆಡ್‌ರೂಮ್, ಹಾಲಿನಲ್ಲಿ ನಮ್ಮಮ್ಮ. ಮಗುವಿಗೆ ಹಾಲುಣಿಸುವ ಕಾಲದಲ್ಲಿ ಹೆಂಡತಿಗೆ ಆಸೆ ಇರಲಿಲ್ಲ, ಅದು ಹಾರ್ಮೋನ್, ಗೊತ್ತಿತ್ತು. ಆಮೇಲೆ ಕೈಕೊಟ್ಟದ್ದು ನಾನು. ಕಬ್ಬಿಣದ ಮಂಚ, ಮಗ್ಗುಲು ತಿರುಗಿದರೂ ಕಿರ್ ಎನ್ನುತ್ತಿತ್ತು. ಆ ಕಡೆ ಅಮ್ಮ ಕೆಮ್ಮುತ್ತಾರೆ. ಆರು ತಿಂಗಳಿಗೆ ಮಂಚ ನೋಡಿದರೇ ನನಗೆ ಸುಸ್ತು. ಮೂರು ಸಲ ವೆಲ್ಡಿಂಗ್‌ನವನು ಬಂದ, 2,200 ಹೋಯಿತು, ಕಿರ್ ಹೋಗಲಿಲ್ಲ. ಕೊನೆಗೆ ನಾನೇ ಎಂಟು ಬೋಲ್ಟಿಗೂ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಹಾಕಿದೆ. ಖರ್ಚು ಸೊನ್ನೆ.

ನಿವೃತ್ತ ಮೇಷ್ಟ್ರು, ಜಯಲಕ್ಷ್ಮೀಪುರಂ: ಕೆಮ್ಮುವ ತಾಯಿಯ ಮೇಲೆ ಗೂಬೆ ಕೂರಿಸಬೇಡಿ.

ಗೋಕುಲಂ ಅಪ್ಪ: ಅಮ್ಮನ ಕೆಮ್ಮಿನ ಸಿರಪ್ ತಂದುಕೊಡುವವನೂ ನಾನೇ ಸಾರ್.

ಕುವೆಂಪುನಗರದವಳು: ನಿನ್ನೆ ರಾತ್ರಿ ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಸೈಕಲ್ ಟ್ಯೂಬಿನ ಹತ್ತಿರ ಬಂದಾಗ ಈ ಕಡೆ ತಿರುಗಿದರು. ರಕ್ತ ಪರೀಕ್ಷೆಗೆ "ಶನಿವಾರ ಬೆಳಗ್ಗೆ ನೋಡೋಣ" ಎಂದಿದ್ದಾರೆ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ನಮ್ಮದು ತೇಗದ ಮಂಚ, ಬೋಲ್ಟ್ ಇಲ್ಲ, ಅದಕ್ಕೇನು ಮಾಡುವುದು?

ಕಬ್ಬಿನ ಗದ್ದೆ, ಮಂಡ್ಯ: ಮರದ ಮಂಚಕ್ಕೆ ಕೂಡಿಸುವ ಕಡೆಯಲ್ಲಿ ಮೇಣದ ಬತ್ತಿ ಉಜ್ಜಬೇಕು ಅಕ್ಕ. ಹತ್ತು ರೂಪಾಯಿ.